ಎರಡು ಗುಳಿಗೆಗಳ ನಡುವೆ ಹತ್ತೊಂಬತ್ತು ದಿನ

ಕಾಯಿಲೆಯಿಂದ ಎದ್ದವರು ಬರೆಯಲು ಕೂರುವ ಹೊತ್ತಿಗೆ ಎಲ್ಲರನ್ನೂ ಕ್ಷಮಿಸಿಬಿಟ್ಟಿರುತ್ತಾರೆ. ಅಂಥ ಬರಹಗಳನ್ನು ಆಸ್ಪತ್ರೆಯ ಬೆಂಚಿನ ಮೇಲೆ ಯಾರೋ ಬಿಟ್ಟುಹೋದ ಹಳೆಯ ವಾರಪತ್ರಿಕೆಗಳಲ್ಲಿ ನಾನೂ ಓದಿದ್ದೇನೆ, ಓದಿ ಸಮಾಧಾನಪಟ್ಟಿದ್ದೇನೆ. ಆದರೆ ನನಗೆ ಅದು ಬರುವುದಿಲ್ಲ. ನಾನು ಕ್ಷಮಿಸಿಲ್ಲ. ನಾನು ಎದ್ದು ನಿಂತಿದ್ದರಲ್ಲಿ ಔಷಧಿಯ ಪಾಲು ಎಷ್ಟೋ, ಸಿಟ್ಟಿನ ಪಾಲೂ ಅಷ್ಟೇ.

ನನ್ನ ಹೆಸರು ಈರಣ್ಣ. ಬೈಲಹೊಂಗಲದ ಕಡೆಯವನು. ಗೋವಾಕ್ಕೆ ಬಂದು ಇಪ್ಪತ್ತೊಂದು ವರ್ಷವಾಯಿತು. ಕೊರ್ತಾಲಿಮ್‌ನಲ್ಲಿ ಎರಡು ಕೋಣೆಯ ಮನೆ. ಹೆಂಡತಿ ಮಹಾದೇವಿ ಕಟ್ಟಡ ಕೆಲಸಕ್ಕೆ ಬಂದ ನಮ್ಮ ಕಡೆಯ ಜನರಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಮಗಳು ಅಶ್ವಿನಿ ಕಾಲೇಜಿಗೆ ಹೋಗುತ್ತಾಳೆ. ಈ ಬರಹದ ಕಾಗುಣಿತ ತಿದ್ದಿದವಳು ಅವಳೇ. ನಾನು ಒಂದು ಔಷಧಿ ಕಾರ್ಖಾನೆಯ ಸ್ಟಾಫ್ ಬಸ್ ಓಡಿಸುತ್ತಿದ್ದೆ. ಕಾಂಟ್ರ್ಯಾಕ್ಟ್ ಕೆಲಸ. ಬೆಳಿಗ್ಗೆ ದಾಬೋಲಿಮ್‌ ಕಡೆಯಿಂದ ಜನರನ್ನು ಹತ್ತಿಸಿಕೊಂಡು ಕಾರ್ಖಾನೆಗೆ, ಮಧ್ಯಾಹ್ನ ಅಲ್ಲಿಂದ ವಾಪಸ್ಸು. ಹದಿನಾಲ್ಕು ವರ್ಷದಲ್ಲಿ ಒಂದು ಕನ್ನಡಿಯೂ ಒಡೆದಿರಲಿಲ್ಲ.

ಕಾಯಿಲೆ ಶುರುವಾದದ್ದು ಬೇರೆಯವನ ಅಪಘಾತದಿಂದ. ನನ್ನ ಬಸ್ಸಿನ ಮುಂದೆ ಹೋಗುತ್ತಿದ್ದ ಟಿಪ್ಪರ್ ಒಂದು ಸ್ಕೂಟರಿಗೆ ತಾಗಿತು. ಸ್ಕೂಟರಿನವನು ರಸ್ತೆಗೆ ಬಿದ್ದ. ಟಿಪ್ಪರ್ ನಿಲ್ಲಲೇ ಇಲ್ಲ. ಆ ಡ್ರೈವರನಿಗೆ ಗೊತ್ತೂ ಆಗಿರಲಿಲ್ಲ ಅನ್ನಿಸುತ್ತದೆ. ಅದೇ ನನ್ನ ತಲೆಯಲ್ಲಿ ಕೂತಿತು. ಗೊತ್ತೇ ಆಗದೆ ಒಬ್ಬನನ್ನು ಕೆಡವಿ ಹೋಗಬಹುದಲ್ಲ! ಮರುವಾರದಿಂದ ಬಸ್ಸು ಒಂದು ಹಂಪು ಹಾರಿದರೂ ಕೆಳಗೆ ಮನುಷ್ಯ ಸಿಕ್ಕ ಅನ್ನಿಸತೊಡಗಿತು. ಡ್ಯೂಟಿ ಮುಗಿದ ಮೇಲೆ ನನ್ನ ಗಾಡಿ ತೆಗೆದುಕೊಂಡು ಅದೇ ದಾರಿಯಲ್ಲಿ ಹೋಗಿ ರಸ್ತೆ ನೋಡಿಕೊಂಡು ಬರುತ್ತಿದ್ದೆ. ರಕ್ತ ಇದೆಯಾ, ಚಪ್ಪಲಿ ಬಿದ್ದಿದೆಯಾ. ಏನೂ ಇರುತ್ತಿರಲಿಲ್ಲ. ಮನೆಗೆ ಬಂದು ಚಹಾ ಕುಡಿಯುವಷ್ಟರಲ್ಲಿ, ಎಡಗಡೆಯ ಗಟಾರ ನೋಡಲಿಲ್ಲವಲ್ಲ ಎಂದು ನೆನಪಾಗುತ್ತಿತ್ತು. ಮತ್ತೆ ಹೋಗುತ್ತಿದ್ದೆ. ಒಂದು ದಿನ ನಾಲ್ಕು ಸಲ ಹೋದೆ.

ಮಹಾದೇವಿ ಮೊದಲು ದೃಷ್ಟಿ ತೆಗೆದಳು, ಆಮೇಲೆ ತಾಯತ ಕಟ್ಟಿಸಿದಳು. ಕೊನೆಗೆ ಮಗಳೇ ಸರ್ಕಾರಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮನೋರೋಗ ವಿಭಾಗದ ಬೋರ್ಡಿನ ಕೆಳಗೆ ಕೂರುವಾಗ ನಾನು ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡಿದ್ದೆ. ಅಲ್ಲಿಯ ಡಾಕ್ಟರ್ ಹೆಂಗಸು, ಗೋವಾದ ರೂಢಿಯಂತೆ ಎಲ್ಲರೂ ಡಾಕ್ಟರ್ ಬಾಯಿ ಎನ್ನುತ್ತಾರೆ, ಕಾರವಾರದವರು. ಚಿಕ್ಕ ವಯಸ್ಸು. ನಾನು ಹೇಳುವುದನ್ನೆಲ್ಲ ಪೂರ್ತಿ ಕೇಳಿ, "ನನ್ನ ಹತ್ರ ಇನ್ನೂ ಇಬ್ರು ಡ್ರೈವರ್ ಬರ್ತಾರೆ, ಇದೇ ತೊಂದ್ರೆಗೆ," ಎಂದರು. ಆ ಮಾತು ಕೇಳಿ ನಾನು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ.

ಅವರು ಬರೆದುಕೊಟ್ಟ ಗುಳಿಗೆಯ ಹೆಸರು ಫ್ಲುವಾಕ್ಸಮೀನ್. ಮೊದಲ ಹದಿನೈದು ದಿನ ಬಸ್ಸು ಹತ್ತಬಾರದು ಎಂದು ರಜೆಯ ಚೀಟಿಯನ್ನೂ ಕೊಟ್ಟರು. ಫೈಲಿನ ಮೊದಲ ಹಾಳೆಯಲ್ಲಿ ಕೆಂಪು ಶಾಯಿಯಿಂದ ಏನೋ ಬರೆದು, "ಬೇರೆ ಯಾವ ಡಾಕ್ಟರ್ ಔಷಧಿ ಕೊಟ್ರೂ ಈ ಹಾಳೆ ತೋರಿಸಿ, ಮರೀಬೇಡಿ," ಎಂದರು. ನಾನು ಮರೆಯಲಿಲ್ಲ. ಈ ಕಥೆಯಲ್ಲಿ ಅದೊಂದನ್ನು ದಯವಿಟ್ಟು ನೆನಪಿಡಿ.

ಎರಡು ತಿಂಗಳಿಗೆ ತಲೆ ಹಗುರಾಯಿತು. ಹಂಪು ಹಂಪೇ ಆಯಿತು. ನಾಲ್ಕು ಸಲ ಹೋಗುವವನು ವಾರಕ್ಕೊಮ್ಮೆ ಹೋಗತೊಡಗಿದೆ, ಆಮೇಲೆ ಅದೂ ನಿಂತಿತು. ಬಸ್ಸಿನವರಿಗೆ ಯಾರಿಗೂ ಗೊತ್ತಾಗಲಿಲ್ಲ. ಗಂಡಸು, ಅದರಲ್ಲೂ ಡ್ರೈವರ್, ಹೆದರಿಕೆಗೆ ಗುಳಿಗೆ ನುಂಗುತ್ತಾನೆ ಎಂದರೆ ನಮ್ಮ ಜನ ನಗುತ್ತಾರೆ. ಆ ನಗು ನನಗೆ ಬೇಡವಾಗಿತ್ತು.

ಚೌತಿ ಮುಗಿದ ವಾರ ನಿದ್ದೆ ಕೆಟ್ಟಿತು. ಎದೆ ಡವಡವ. ದೊಡ್ಡ ಆಸ್ಪತ್ರೆಯ ತಾರೀಖಿಗೆ ಇನ್ನೂ ಐದು ವಾರವಿತ್ತು. ಹಾಗಾಗಿ ಹತ್ತಿರದ ಖಾಸಗಿ ಡಾಕ್ಟರ್ ಬಳಿ ಹೋದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆದರಿ ಅಲ್ಲ, ವಕೀಲರು ಬೇಡ ಎಂದಿದ್ದಾರೆ. ನಮ್ಮ ಜಿಲ್ಲೆಯವರೇ. ಹನ್ನೊಂದು ವರ್ಷ ನಮ್ಮ ಮನೆಯ ಜ್ವರ, ಕೆಮ್ಮು, ಮಗಳ ಕಾಮಾಲೆ ಎಲ್ಲವನ್ನೂ ನೋಡಿದವರು. ನಮ್ಮ ಕಡೆಯ ಅರ್ಧ ಜನ ಅವರ ಬಾಗಿಲಲ್ಲೇ ಇರುತ್ತಾರೆ, ಏಕೆಂದರೆ ನೋವು ಎಲ್ಲಿ ಅಂತ ಕನ್ನಡದಲ್ಲಿ ಹೇಳಬಹುದು.

ನಾನು ಫೈಲು ತೆಗೆದು ಮೇಜಿನ ಮೇಲೆ ಇಟ್ಟೆ. "ಸಾಹೇಬ್ರ, ದೊಡ್ಡ ದವಾಖಾನಿ ಗುಳಿಗಿ ನಡದಾವ್ರಿ. ಈ ಹಾಳಿ ತೋರ್ಸು ಅಂದಾರ."

ಅವರು ಫೈಲನ್ನು ಎರಡು ಬೆರಳಿನಿಂದ ನನ್ನ ಕಡೆಗೇ ತಳ್ಳಿದರು. "ಆ ಕಾಗದಾ ಎಲ್ಲಾ ಒಳಗ ಇಡೋ ಮಾರಾಯ. ಹೊರಗ ನಲವತ್ತು ಮಂದಿ ಕುಂತಾರ. ನಿನ್ನ ಎದಿ ನನಗ ಗೊತ್ತಿಲ್ಲೇನು? ಆರಾಮ ನಿದ್ದಿ ಆದ್ರ ಎಲ್ಲಾ ಸರಿ ಆಗತೈತಿ."

"ಮ್ಯಾಲಿನ ಹಾಳಿ ಅಷ್ಟ ನೋಡ್ರಿ..."

"ನಾ ಡಾಕ್ಟರೋ, ನೀ ಡಾಕ್ಟರೋ?"

ನಾನು ಫೈಲು ಒಳಗೆ ಇಟ್ಟೆ. ಅವರು ಬರೆದದ್ದು ಅಲ್‌ಪ್ರಾಜೊಲಾಮ್. ನಿದ್ದೆ ಬರಿಸುವ ಗುಳಿಗೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ನಾನು ಏನು ಕೆಲಸ ಮಾಡುತ್ತೇನೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೆಳಗಿನ ಔಷಧಿ ಅಂಗಡಿಯವನು ಗುಳಿಗೆಯ ಪಟ್ಟಿಯಿಂದ ಒಂದು ತುಂಡು ಕತ್ತರಿಸಿ, ಕಾಗದದ ಚೀಲಕ್ಕೆ ಹಾಕಿ ಕೊಟ್ಟ. ಅವನೂ ಒಂದು ಮಾತು ಕೇಳಲಿಲ್ಲ.

ಮೊದಲ ಎರಡು ದಿನ ನಾನು ಅವರನ್ನು ಹರಸಿದೆ. ಅಂಥ ನಿದ್ದೆಯನ್ನು ನಾನು ಚಿಕ್ಕವನಿದ್ದಾಗಿನಿಂದ ಕಂಡಿರಲಿಲ್ಲ. ನಾಲ್ಕನೆಯ ದಿನ ಮಾತು ದಪ್ಪಗಾಯಿತು. ನಾಲಿಗೆ ಬಾಯಿಯೊಳಗೆ ಒದ್ದೆ ಬಟ್ಟೆಯಂತೆ ಬಿದ್ದಿರುತ್ತಿತ್ತು. ಆರನೆಯ ದಿನ ಎರಡು ಸ್ಟಾಪ್ ಬಿಟ್ಟು ಮುಂದೆ ಹೋದೆ. ಹಿಂದಿನಿಂದ ಜನ ಬಸ್ಸಿನ ತಗಡು ಬಡಿದಾಗ ಗೊತ್ತಾಯಿತು. ಏಳನೆಯ ದಿನ ಮನೆಯ ಮುಂದಿನ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದೆ. ಮಗಳು ಹಿಂದಿನ ದಿನ ಏನೋ ಹೇಳಿದ್ದಳು, ಅದಕ್ಕೆ ನಾನು ಉತ್ತರವನ್ನೂ ಕೊಟ್ಟಿದ್ದೆನಂತೆ. ನನಗೆ ಆ ಮಾತೂ ನೆನಪಿಲ್ಲ, ಆ ಸಂಜೆಯೂ ನೆನಪಿಲ್ಲ.

ಗೋವಾದಲ್ಲಿ ಒಬ್ಬ ಡ್ರೈವರ್ ತೂರಾಡಿದರೆ ಜನರಿಗೆ ಕುಡಿತ ಬಿಟ್ಟು ಎರಡನೆಯ ಯೋಚನೆ ಬರುವುದಿಲ್ಲ.

ಒಂಬತ್ತನೆಯ ದಿನ ಕಾರ್ಖಾನೆಯ ಗೇಟಿನಲ್ಲಿ ಟ್ರಾನ್ಸ್‌ಪೋರ್ಟ್ ಸೂಪರ್‌ವೈಜರ್ ಗಾಂವಕರ್ ನನ್ನನ್ನು ಇಳಿಸಿದ. ಪೊಲೀಸರ ಹತ್ತಿರ ಇರುವಂಥದೇ, ಬಾಯಿಂದ ಊದುವ ಯಂತ್ರ ಅವನ ಕೈಯಲ್ಲಿತ್ತು. ಊದಿದೆ. ಸೊನ್ನೆ. "ಮತ್ತೊಮ್ಮೆ ಊದು," ಎಂದ. ಮತ್ತೆ ಸೊನ್ನೆ. ಬಸ್ಸಿನಿಂದ ಇಳಿದವರೆಲ್ಲ ಸುತ್ತ ನಿಂತಿದ್ದರು. ಗಾಂವಕರ್ ಯಂತ್ರವನ್ನು ಅಂಗೈಗೆ ಬಡಿದು, "ಬ್ಯಾಟರಿ ಹೋಗೈತಿ ಕಾಣತೈತಿ," ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಅದೇ ಸಂಜೆ ಮನೆಗೆ ಬಂದಾಗ ಅಕ್ಕಿ ಡಬ್ಬಿ, ಹಿಟ್ಟಿನ ಡಬ್ಬಿ ಎಲ್ಲ ಕೆಳಗಿದ್ದವು. ಮಂಚದ ಅಡಿಯ ಟ್ರಂಕು ತೆರೆದಿತ್ತು. ಮಹಾದೇವಿ ನೆಲದ ಮೇಲೆ ಕೂತಿದ್ದಳು.

"ಎಲ್ಲಿ ಇಟ್ಟೀರಿ?" ಎಂದಳು.

"ಏನು?"

"ಬಾಟ್ಲಿ. ಖರೇ ಹೇಳ್ರಿ. ನಾ ಬೈಯಂಗಿಲ್ಲ."

ಇಪ್ಪತ್ತು ವರ್ಷ ಜೊತೆಗಿದ್ದವಳು. ಮದುವೆಯ ದಿನ ಗೆಳೆಯರು ಒತ್ತಾಯ ಮಾಡಿದರೂ ನಾನು ಬಾಯಿಗೆ ಹಚ್ಚಿರಲಿಲ್ಲ ಎಂದು ತಾನೇ ಊರಿಗೆಲ್ಲ ಹೇಳಿದವಳು. ಹತ್ತಿರ ಬಂದು ನನ್ನ ಬಾಯಿ ಮೂಸಿದಳು. ಏನೂ ಸಿಗಲಿಲ್ಲ. ಆದರೂ ಅವಳ ಮುಖದಲ್ಲಿ ನಂಬಿಕೆ ಬರಲಿಲ್ಲ. ವಾಸನೆ ಬಾರದ್ದನ್ನು ಕುಡಿಯಲು ಕಲಿತಿದ್ದೇನೆ ಎಂದುಕೊಂಡಳಂತೆ.

ಹತ್ತನೆಯ ದಿನ ಮತ್ತೆ ಆ ಡಾಕ್ಟರ್ ಬಳಿ ಹೋದೆ. ಕಾಲು ತೂರಾಡುತ್ತದೆ, ನೆನಪು ಹೋಗುತ್ತದೆ ಎಂದೆ. ಫೈಲು ಈ ಸಲವೂ ಕೈಯಲ್ಲಿತ್ತು. ಅವರು ತಲೆ ಎತ್ತದೆ, "ಹೆದರಿಕಿ ಇನ್ನೂ ಇಳದಿಲ್ಲ, ಅದಕ್ಕ ನಡುಕ. ಮಧ್ಯಾಹ್ನ ಇನ್ನೊಂದು ತಗೋ," ಎಂದು ಅದೇ ಚೀಟಿಯ ಮೇಲೆ ಮೂರನೆಯ ಗೆರೆ ಎಳೆದರು. ನಾನು ತೆಗೆದುಕೊಂಡೆ. ತಪ್ಪು ನನ್ನದೂ ಇದೆ ಎಂದು ಕೆಲವರು ಹೇಳಿದ್ದಾರೆ. ದೊಡ್ಡ ಆಸ್ಪತ್ರೆಗೆ ಒಂದು ದಿನ ಹೋಗಬೇಕಿತ್ತು ನೀನು, ಎಂದಿದ್ದಾರೆ. ಹೌದು. ಆದರೆ ಆ ಗುಳಿಗೆ ಮೊದಲು ತಿನ್ನುವುದೇ ಈ ಯೋಚನೆ ಮಾಡುವ ತಲೆಯನ್ನು. ಅದನ್ನು ಅನುಭವಿಸಿದವನಿಗೆ ಮಾತ್ರ ಗೊತ್ತು.

ಯಂತ್ರ ಸೊನ್ನೆ ತೋರಿಸಿದ್ದರಿಂದ ಬಸ್ಸು ನನ್ನ ಕೈಯಲ್ಲೇ ಉಳಿದಿತ್ತು. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಬಸ್ಸಿನಲ್ಲಿ ಮೂವತ್ತೊಂದು ಜನರಿದ್ದರು. ಇಳಿಜಾರಿನ ರಸ್ತೆ. ಎಡಗಡೆ ಕೆಂಪು ಕಲ್ಲಿನ ಕಂಪೌಂಡು ಗೋಡೆ. ನನಗೆ ನೆನಪಿರುವುದು ಸ್ಟೇರಿಂಗು ಮತ್ತು ಮುಂದಿನ ಗಾಜಿನ ಮೇಲಿನ ಬಿಸಿಲು. ಆಮೇಲೆ ಯಾರೋ ನನ್ನ ಹೆಗಲು ಹಿಡಿದು ಅಲುಗಾಡಿಸುತ್ತಿದ್ದರು. ಬಸ್ಸು ಆ ಗೋಡೆಯನ್ನು ಉದ್ದಕ್ಕೂ ಉಜ್ಜಿಕೊಂಡು ಹೋಗಿ ಒಂದು ತೆಂಗಿನ ಮರಕ್ಕೆ ನಿಂತಿತ್ತು. ಎಡಗಡೆಯ ಕಿಟಕಿಗಳು ಪುಡಿಪುಡಿ. ಪ್ಯಾಕಿಂಗ್ ಸೆಕ್ಷನ್ನಿನ ಫಿಲೋಮೆನಾ ಬಾಯಿಯ ಹುಬ್ಬಿನಿಂದ ರಕ್ತ ಸುರಿಯುತ್ತಿತ್ತು. ಬೇರೆ ಯಾರಿಗೂ ದೊಡ್ಡ ಪೆಟ್ಟಾಗಿರಲಿಲ್ಲ.

ನಾನು ಕೇಳಿದೆನಂತೆ: "ಯಾಕ ನಿಂತೈತಿ ಗಾಡಿ?"

ಯಾರಿಗೂ ಏನೂ ಆಗದ ರಸ್ತೆಯಲ್ಲಿ ದಿನಕ್ಕೆ ನಾಲ್ಕು ಸಲ ರಕ್ತ ಹುಡುಕಿದವನು ನಾನು. ರಕ್ತ ಖರೇನೇ ಬಿದ್ದ ದಿನ ನನಗೆ ಗೊತ್ತೇ ಆಗಲಿಲ್ಲ.

ಪೊಲೀಸರು ಬಂದು ಊದಿಸಿದರು. ಸೊನ್ನೆ. ಗಾಂವಕರ್ ಈಗ ಬ್ಯಾಟರಿ ಎನ್ನಲಿಲ್ಲ. "ಕುಡಿಯೋದಲ್ಲ ಸರ್, ಇಂವ ಬ್ಯಾರೆ ಮಾಲು ತಗೋತಾನು. ಗೋವಾದಾಗ ಏನ್ ಸಿಗಂಗಿಲ್ಲ?" ಎಂದು ಅವರಿಗೆ ಕೊಂಕಣಿಯಲ್ಲಿ ಹೇಳಿದ. ಆ ಮಾತು ಸಂಜೆಯೊಳಗೆ ಕೊರ್ತಾಲಿಮ್ ತಲುಪಿತು. ಕೆಲಸ ಹೋಯಿತು. ಮಹಾದೇವಿಯ ಹತ್ತಿರ ರೊಟ್ಟಿ ತೆಗೆದುಕೊಳ್ಳುವ ಹೆಂಗಸೊಬ್ಬಳು, "ನಿಮ್ಮ ಯಜಮಾನ್ರು ಪುಡಿ ಏನೋ ಮೂಸ್ತಾರಂತಲ್ಲ," ಎಂದು ಅವಳ ಎದುರೇ ಕೇಳಿದಳು. ಅಶ್ವಿನಿ ಕಾಲೇಜಿಗೆ ಹೋಗುವುದಿಲ್ಲ ಎಂದು ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಳು.

ಅಪಘಾತವಾದ ಮೂರನೆಯ ದಿನ ಫಿಲೋಮೆನಾ ಬಾಯಿ ಮನೆಗೆ ಬಂದಳು. ಹುಬ್ಬಿನ ಮೇಲೆ ಬಿಳಿ ಪಟ್ಟಿ. ಐವತ್ತು ದಾಟಿದ ಹೆಂಗಸು, ಗೋವಾದವಳೇ, ಹದಿನಾಲ್ಕು ವರ್ಷವೂ ನನ್ನ ಹಿಂದಿನ ಸೀಟಿನಲ್ಲೇ ಕೂತವಳು. ನಮ್ಮ ಜನರ ಜೊತೆ ಕೆಲಸ ಮಾಡಿ ಒಂದಿಷ್ಟು ಕನ್ನಡ ಕಲಿತಿದ್ದಳು. ಬೈಯಲು ಬಂದಿದ್ದಾಳೆ ಎಂದು ನಾನು ಎದ್ದು ನಿಂತೆ. ಕಾಲು ಹಿಡಿಯಬೇಕೆಂದು ಬಗ್ಗಿದೆ.

"ಅರೇ, ಊಠ್ ಬಾಬಾ," ಎಂದು ಭುಜ ಹಿಡಿದು ಎತ್ತಿದಳು. "ನೀ ಕುಡಿಯೋ ಮನಶಾ ಅಲ್ಲ. ಮಾಕಾ, ನನಗ ಗೊತ್ತೈತಿ. ನನ್ನ ಗಂಡ ಮೂವತ್ತು ವರ್ಷ ಕುಡದಾನ. ಕುಡದವರ ಕಣ್ಣು ನಾ ನೋಡೇನಿ. ನಿನ್ನ ಕಣ್ಣು ಹಂಗ ಇಲ್ಲ. ಔಷಧಿ ಏನ್ ತಗೋತಿ? ತೋರ್ಸು."

ಬಸ್ಸಿನ ಒಬ್ಬರಿಗೂ ತೋರಿಸದ ಗುಳಿಗೆಗಳನ್ನು ಅವಳ ಮುಂದೆ ಇಟ್ಟೆ. ಎರಡನ್ನೂ ಬೆಳಕಿಗೆ ಹಿಡಿದು ಅಕ್ಷರ ಅಕ್ಷರ ಓದಿದಳು. ಫ್ಲುವಾಕ್ಸಮೀನಿನ ಹೆಸರಿನ ಮೇಲೆ ಅವಳ ಬೆರಳು ನಿಂತಿತು. ಅವರ ಸೆಕ್ಷನ್ನಿನಲ್ಲಿ ಅದೇ ಔಷಧಿಯನ್ನು ಹೊರದೇಶಕ್ಕೆ ಡಬ್ಬಿಗೆ ತುಂಬುತ್ತಾರಂತೆ. ಪ್ರತಿ ಡಬ್ಬಿಗೂ ಮಡಚಿದ ಒಂದು ಕಾಗದ ಹಾಕುವುದು ಅವಳ ಕೆಲಸ.

"ಆ ಕಾಗದದಾಗ ದೊಡ್ಡ ಲಿಸ್ಟ್ ಐತಿ. ಇದರ ಜೊತಿ ಇದು ಬ್ಯಾಡ, ಅದು ಬ್ಯಾಡ. ಈ ಎರಡನೇ ಹೆಸರು ನಾ ಅದರಾಗ ನೋಡೇನಿ ಅನ್ನಸ್ತದ. ನಾ ಡಾಕ್ಟರ್ ಅಲ್ಲ ಈರಣ್ಣ. ನಾಳೆ ಹೋಗೂಣು."

ನಮಗೆ ಅಂಗಡಿಯವನು ಕತ್ತರಿಸಿ ಕೊಟ್ಟ ತುಂಡಿನ ಜೊತೆ ಆ ಕಾಗದ ಇರಲಿಲ್ಲ.

ಮರುದಿನ ರಜೆ ಹಾಕಿ ಅವಳೇ ಬಂದಳು. ನಾನು, ಮಹಾದೇವಿ, ಹುಬ್ಬಿಗೆ ಪಟ್ಟಿ ಕಟ್ಟಿಕೊಂಡ ಫಿಲೋಮೆನಾ ಬಾಯಿ, ಮೂವರೂ ಮನೋರೋಗ ವಿಭಾಗದ ಬೆಂಚಿನಲ್ಲಿ ಎರಡೂವರೆ ಗಂಟೆ ಕೂತೆವು. ನಾನು ಮಧ್ಯೆ ಮಧ್ಯೆ ತೂಕಡಿಸಿ ಮಹಾದೇವಿಯ ಹೆಗಲ ಮೇಲೆ ಬೀಳುತ್ತಿದ್ದೆ. ಅವಳು ಪ್ರತಿಸಲ ಸ್ವಲ್ಪ ಸರಿದು ಕೂರುತ್ತಿದ್ದಳು. ಫಿಲೋಮೆನಾ ಬಾಯಿ ಚೀಲದಿಂದ ಪಾವ್ ತೆಗೆದು ಮೂರು ಪಾಲು ಮಾಡಿದಳು.

ಡಾಕ್ಟರ್ ಬಾಯಿ ಎರಡನೆಯ ಚೀಟಿ ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. "ದಿನಕ್ಕೆ ಮೂರಾ? ಇದರ ಜೊತೆಗೆ? ಬಸ್ಸು ಓಡಿಸ್ತಾ?" ಅವರ ಧ್ವನಿ ಹೊರಗಿನ ಬೆಂಚಿನವರೆಗೂ ಹೋಗಿರಬೇಕು. ನಾನು ತಲೆ ತಗ್ಗಿಸಿದೆ. "ನಿಮಗಲ್ಲ ನಾನು ಬೈತಿರೋದು," ಎಂದರು. ಆಮೇಲೆ ಕೂತು, ಮಹಾದೇವಿಗೆ ತಿಳಿಯುವ ಹಾಗೆ ಹೇಳಿದರು: "ನೋಡಿ ಅಮ್ಮಾ, ನಾನು ಕೊಟ್ಟ ಗುಳಿಗೆ ಅವರು ಕೊಟ್ಟ ಗುಳಿಗೆಯನ್ನ ಬೇಗ ಮೈಯಿಂದ ಹೊರಗೆ ಹೋಗೋಕೆ ಬಿಡೋದಿಲ್ಲ. ಒಳಗೇ ಉಳೀತಾ ಹೋಗುತ್ತೆ. ಒಂದು ನುಂಗಿದ್ರೆ ಎರಡು ನುಂಗಿದ ಹಾಗೆ. ಮೂರು ಹೊತ್ತು ನುಂಗಿದ್ರೆ ಇವರು ಬದುಕಿರೋದೇ ಪುಣ್ಯ. ನಿಮ್ಮ ಯಜಮಾನರು ಏನೂ ಕುಡೀತಿರಲಿಲ್ಲ."

ಎರಡನೆಯ ಗುಳಿಗೆಯನ್ನು ಆ ದಿನವೇ ಎಸೆದುಬಿಡುತ್ತೇನೆ ಎಂದೆ. ಬೇಡವೇ ಬೇಡ ಎಂದರು. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ನಾಲ್ಕು ದಿನ ವಾರ್ಡಿನಲ್ಲಿ ಇರಿಸಿಕೊಂಡು, ಆಮೇಲೆ ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸಿದರು. ಆ ಇಳಿಯುವ ವಾರಗಳು ಸುಲಭವಿರಲಿಲ್ಲ. ಕೈ ನಡುಗುತ್ತಿತ್ತು, ಸದ್ದಾದರೆ ಬೆಚ್ಚುತ್ತಿದ್ದೆ, ಕಾರಣವಿಲ್ಲದೆ ಅಳು ಬರುತ್ತಿತ್ತು. ಒಂದೇ ಸುಖವೆಂದರೆ ಒಂದು ಬೆಳಿಗ್ಗೆ ಹಿಂದಿನ ಸಂಜೆ ಉಂಡದ್ದು ಏನೆಂದು ನೆನಪಾಯಿತು. ಪುಂಡಿಪಲ್ಯ. ಕೂಗಿ ಹೇಳಿದೆ. ಮಗಳು ಓಡಿ ಬಂದಳು.

ವಾರ್ಡಿನ ಹೊರಗಿನ ಮೊಗಸಾಲೆಯಲ್ಲಿ ಮಹಾದೇವಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. "ನಾ ನಿಮ್ಮ ಬಾಯಿ ಮೂಸೀನ್ರಿ. ನಾಯಿ ಮೂಸಿದಂಗ ಮೂಸೀನಿ," ಎಂದಳು. ಇರಲಿ ಬಿಡು ಎಂದೆ. ಆದರೆ ಮನಸ್ಸಿನಲ್ಲಿ ಬಿಟ್ಟಿರಲಿಲ್ಲ. ಅವಳೊಂದಿಗೆ ಸರಿಯಾಗಿ ಮಾತಾಡಲು ನನಗೆ ಮಳೆಗಾಲ ಬರಬೇಕಾಯಿತು. ಅವಳಿಗೂ ಅದು ಗೊತ್ತು.

ಈಗ ಆ ಇನ್ನೊಬ್ಬ ಮನುಷ್ಯನ ವಿಷಯ.

ತಲೆ ತಿಳಿಯಾದಂತೆಲ್ಲ ಸಿಟ್ಟೂ ತಿಳಿಯಾಯಿತು. ಡಾಕ್ಟರ್ ಬಾಯಿ ಎಲ್ಲವನ್ನೂ ವಿವರವಾಗಿ ಬರೆದು ಸಹಿ ಮಾಡಿದ ಕಾಗದ ಕೊಟ್ಟಿದ್ದರು. ಅದನ್ನು ಚೀಲದಲ್ಲಿಟ್ಟೆ. ಅದರ ಪಕ್ಕದಲ್ಲಿ ಗಾಲಿಯ ನಟ್ಟು ಬಿಚ್ಚುವ ಕಬ್ಬಿಣದ ಪಾನಾ ಇಟ್ಟೆ. ಸುಳ್ಳು ಹೇಳುವುದಿಲ್ಲ. ಅವರ ಕಾರಿನ ಗಾಜು ಒಡೆಯಬೇಕೆಂದೇ ಹೊರಟಿದ್ದೆ. ಮನುಷ್ಯನ ಮೈಮೇಲೆ ಕೈಮಾಡುತ್ತಿದ್ದೆನೋ ಇಲ್ಲವೋ, ಅದು ನನಗೂ ಗೊತ್ತಿಲ್ಲ.

ಕ್ಲಿನಿಕ್ಕಿನ ಹೊರಗಿನ ಕೋಣೆ ತುಂಬಿತ್ತು. ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೆ. ಪಕ್ಕದಲ್ಲಿ ನಮ್ಮ ಕಡೆಯ ಒಬ್ಬ ಮುದುಕಿ. ಇಳಕಲ್ ಸೀರೆ, ಕೈಯಲ್ಲಿ ಎರಡು ಪ್ಲಾಸ್ಟಿಕ್ ಚೀಲ.

"ತಮ್ಮಾ, ನಿನಗ ಓದಾಕ ಬರತೈತೇನು? ಇದರಾಗ ಮುಂಜಾನಿದು ಯಾವುದು ನೋಡಪಾ. ಇವು ಬಿ.ಪಿ. ಡಾಕ್ಟರ್ ಕೊಟ್ಟದ್ದು. ಇವು ಈ ಸಾಹೇಬ್ರು ಕೊಟ್ಟದ್ದು."

"ಅಬ್ಬೇ, ಇವನ್ನ ಈ ಸಾಹೇಬ್ರಿಗೆ ತೋರ್ಸೀಯೇನು?"

"ಎಲ್ಲಿ ನೋಡ್ತಾರಪಾ. ಪಾಳಿ ಭಾಳ ಇರತೈತಲ್ಲ."

ನನ್ನ ಕೈ ಚೀಲದೊಳಗೆ, ಪಾನಾದ ಮೇಲೆ ಇತ್ತು. ಅದನ್ನು ಹೊರಗೆ ತೆಗೆದೆ, ಕೈಯನ್ನಷ್ಟೇ. "ಅಬ್ಬೇ, ಯಾವುದು ಮುಂಜಾನಿದು ಅಂತ ನಾ ಹೇಳಂಗಿಲ್ಲ. ಎರಡೂ ಚೀಲ ಅವರ ಮೇಜಿನ ಮ್ಯಾಲ ಸುರಿ. ಅವರು ಓದೂತನಕ ಕುರ್ಚಿ ಬಿಟ್ಟು ಏಳಬ್ಯಾಡ," ಎಂದೆ.

ಮುದುಕಿ ಒಳಗೆ ಹೋದಳು. ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು. ಅವಳ ಕೈಯಲ್ಲಿ ಒಂದೇ ಚೀಲವಿತ್ತು. "ಒಂದು ಬ್ಯಾಡ ಅಂದ್ರು. ಎರಡೂ ಕೂಡಿ ತಗೋಬಾರದಂತ," ಎಂದು ಹೇಳಿ, ನನ್ನ ಗಲ್ಲ ಮುಟ್ಟಿ ಲಟಿಗೆ ಮುರಿದಳು.

ಕಾರಿನ ಗಾಜು ಒಡೆದರೆ ಅವರು ವಾರದಲ್ಲಿ ಹೊಸದು ಹಾಕಿಸುತ್ತಿದ್ದರು. ಹೀಗೆ ಒಬ್ಬೊಬ್ಬ ರೋಗಿಗೂ ಹೇಳುತ್ತ ಕೂತರೆ ಅದನ್ನು ಅವರು ಹೇಗೆ ರಿಪೇರಿ ಮಾಡಿಸುತ್ತಾರೆ, ನೋಡೋಣ ಎಂದುಕೊಂಡೆ. ಮನೆಗೆ ಹೋಗಿ ಪಾನಾವನ್ನು ಅದರ ಜಾಗದಲ್ಲಿಟ್ಟೆ.

ಮರುದಿನ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ಕೂತೆ. ಅದರ ಮರುದಿನವೂ. ಬಂದವರಿಗೆಲ್ಲ ಒಂದೇ ಮಾತು: "ಬ್ಯಾರೆ ಡಾಕ್ಟರ್ ಚೀಟಿ ಇದ್ರ ಕೈಯಾಗ ಹಿಡಕೊಂಡು ಹೋಗ್ರಿ. ನೋಡೂತನಕ ಏಳಬ್ಯಾಡ್ರಿ." ಯಾಕೆ ಎಂದು ಕೇಳಿದವರಿಗೆ ನನ್ನ ಕಥೆ ಹೇಳುತ್ತಿದ್ದೆ. ಏರಿಸದೆ, ಇಳಿಸದೆ. ಅವರನ್ನು ಬೈಯಲಿಲ್ಲ. ದಿನಕ್ಕೆ ನಲವತ್ತು ಜನರ ಪಾಳಿ ಹದಿನೆಂಟಕ್ಕೆ ನಿಲ್ಲತೊಡಗಿತು, ಏಕೆಂದರೆ ಒಬ್ಬೊಬ್ಬರೂ ಒಳಗೆ ಹೋಗಿ ಕಾಗದ ಸುರಿದು ಕೂರುತ್ತಿದ್ದರು. ಬಾಗಿಲು ತೆರೆದಾಗೊಮ್ಮೆ ಡಾಕ್ಟರ್ ನನ್ನನ್ನು ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ನನ್ನ ಜೀವಮಾನದಲ್ಲಿ ಅಷ್ಟು ಸುಖವಾಗಿ ನಾನು ಯಾವ ಬೆಂಚಿನ ಮೇಲೂ ಕೂತಿಲ್ಲ.

ಐದನೆಯ ದಿನ ಡಾಕ್ಟರೇ ಹೊರಗೆ ಬಂದರು. "ಈರಣ್ಣ, ಏನ್ ನಡಸೀ ಇಲ್ಲಿ?"

"ಕುಂತೇನ್ರಿ ಸಾಹೇಬ್ರ."

"ಪೊಲೀಸರಿಗೆ ಫೋನ್ ಮಾಡ್ಲೇನು?"

"ಮಾಡ್ರಿ. ಈ ಕಾಗದ ಅವರಿಗೂ ಓದಿ ಹೇಳಬೇಕಾಗೇತಿ."

ಕೂತಿದ್ದ ಹದಿನೈದು ಇಪ್ಪತ್ತು ಜನ ಅವರನ್ನೇ ನೋಡಿದರು. ಅವರು ಒಳಗೆ ಹೋದರು. ಫೋನ್ ಮಾಡಲಿಲ್ಲ. ಆ ವಾರವೇ ಮೆಡಿಕಲ್ ಕೌನ್ಸಿಲಿಗೆ ದೂರು ಕೊಟ್ಟೆ. ಅರ್ಜಿ ಅಶ್ವಿನಿ ಬರೆದಳು. ಅದನ್ನು ಬರೆಯಲು ಕೂತಾಗಲೇ ಅವಳು ಅಷ್ಟು ದಿನದ ಮೇಲೆ ನನ್ನ ಮುಖ ನೇರವಾಗಿ ನೋಡಿದ್ದು.

ಹದಿಮೂರನೆಯ ದಿನ ಎಲ್ಲ ರೋಗಿಗಳೂ ಹೋದ ಮೇಲೆ ಡಾಕ್ಟರ್ ನನ್ನನ್ನು ಒಳಗೆ ಕರೆದರು. ಕುರ್ಚಿ ತೋರಿಸಿದರು. ಹನ್ನೊಂದು ವರ್ಷದಲ್ಲಿ ಅವರು ಅಷ್ಟು ದಣಿದದ್ದನ್ನು ನಾನು ನೋಡಿರಲಿಲ್ಲ.

"ತಪ್ಪಾತು," ಎಂದರು. "ಏನು ಬೇಕು ಹೇಳು. ಏನು ಬೇಕೋ ಕೊಡ್ತೇನಿ. ಮುಗಸೂಣು."

"ಕೊಡೋದು ಏನೂ ಬ್ಯಾಡ್ರಿ. ಕಾರ್ಖಾನಿ ಗೇಟಿಗೆ ಬರ್ರಿ. ಶಿಫ್ಟ್ ಬಿಡೋ ಹೊತ್ತಿಗೆ. ಈಗ ನನಗ ಹೇಳಿದ್ದನ್ನ ಅಲ್ಲಿ ಹೇಳ್ರಿ."

"ಅಷ್ಟು ಮಂದಿ ಮುಂದ?"

"ನಾ ಊದಿದ್ದೂ ಅಷ್ಟು ಮಂದಿ ಮುಂದನ ರಿ."

"ಬಂದ್ರ ಆ ಕೌನ್ಸಿಲ್ ಅರ್ಜಿ ವಾಪಸ್ ತಗೋತೀಯೇನು?"

"ಇಲ್ರಿ. ಬಂದ್ರ ನಿಮ್ಮ ಬೆಂಚು ಬಿಟ್ಟು ಏಳ್ತೇನಿ. ಅಷ್ಟ."

ಅರ್ಜಿಯ ವಿಚಾರಣೆ ಇನ್ನೂ ನಡೆದಿದೆ. ಒಂದು ಸಲ ನನ್ನನ್ನು ಕರೆಸಿ ಕೇಳಿದ್ದಾರೆ, ಇನ್ನೊಂದು ಸಲ ಕರೆಸುತ್ತಾರಂತೆ. ಎಷ್ಟು ಸಲ ಕರೆದರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗುತ್ತೇನೆ. ನಾನು ಈಗ ಬೇರೆ ಗುಳಿಗೆಯ ಮೇಲಿದ್ದೇನೆ. ಹಂಪು ಹಾರಿದಾಗ ಎದೆ ಒಮ್ಮೊಮ್ಮೆ ಜಿಗಿಯುತ್ತದೆ. ಹಿಂದಕ್ಕೆ ಹೋಗಿ ನೋಡುವುದಿಲ್ಲ. ಬಸ್ಸು ಓಡಿಸುವುದನ್ನು ನಾನೇ ಬಿಟ್ಟೆ. ಕಾರ್ಖಾನೆಯವರು ಮತ್ತೆ ಕರೆದಾಗ ಗೋದಾಮಿನ ಕೆಲಸ ಕೇಳಿದೆ, ಕೊಟ್ಟರು. ಅದೇ ಬಸ್ಸಿನಲ್ಲಿ ಫಿಲೋಮೆನಾ ಬಾಯಿಯ ಪಕ್ಕ ಕೂತು ಹೋಗುತ್ತೇನೆ. ಅವಳ ಹುಬ್ಬಿನ ಗಾಯ ಒಣಗಿ ಗೆರೆಯಾಗಿದೆ. ಅದನ್ನು ಮಾಡಿದವನು ನಾನು ಎಂಬುದನ್ನು ಯಾವ ಕಾಗದವೂ ಅಳಿಸುವುದಿಲ್ಲ. ಇದನ್ನು ಓದುವವರ ಮನೆಯಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ತೊದಲಿದರೆ, ತೂರಾಡಿದರೆ, ಡಬ್ಬಿಗಳಲ್ಲಿ ಬಾಟಲಿ ಹುಡುಕುವ ಮೊದಲು ಅವರ ಗುಳಿಗೆಗಳನ್ನು ಒಂದು ಕಡೆ ಇಟ್ಟು ನೋಡಿ. ನೋಡಲು ಒಲ್ಲದ ಡಾಕ್ಟರ್ ಮುಂದಿನ ಕುರ್ಚಿಯಿಂದ ಏಳಬೇಡಿ.

ಡಾಕ್ಟರ್ ಕೊನೆಗೆ ಆ ಗೇಟಿಗೆ ಬಂದದ್ದು ಒಂದು ಶನಿವಾರ ಮಧ್ಯಾಹ್ನ. ಶಿಫ್ಟ್ ಬಿಟ್ಟು ಜನ ಗೇಟಿನ ಹೊರಗೆ ಬಸ್ಸಿನ ಹತ್ತಿರ ನೆರೆದಿದ್ದರು. ನಾನು ಯಾರಿಗೂ ಹೇಳಿರಲಿಲ್ಲ, ಫಿಲೋಮೆನಾ ಬಾಯಿಗೆ ಬಿಟ್ಟು. ಅವಳು ಎಲ್ಲರಿಗೂ ಹೇಳಿದ್ದಳು. ಮಹಾದೇವಿ ರೊಟ್ಟಿಯ ಕೆಲಸ ಬಿಟ್ಟು ಬಂದಿದ್ದಳು, ಜೊತೆಗೆ ಮಗಳು. ಗಾಂವಕರ್ ಏನು ಗದ್ದಲವೆಂದು ಆಫೀಸಿನಿಂದ ಹೊರಗೆ ಬಂದ. ಡಾಕ್ಟರ್ ಕಾರು ದೂರ ನಿಲ್ಲಿಸಿ ನಡೆದುಕೊಂಡು ಬಂದರು. ಬಿಸಿಲಿಗೆ ಅವರ ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು.

"ಈರಣ್ಣ ಅವರು ಕುಡದಿರಲಿಲ್ಲ," ಎಂದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನನಗೆ 'ಅವರು' ಎಂದರು. "ಬ್ಯಾರೆ ಯಾವ ಮಾಲೂ ತಗೊಂಡಿರಲಿಲ್ಲ. ಅವರು ಮೊದಲ ತಗೋತಿದ್ದ ಗುಳಿಗಿ ಜೊತಿ ನಾ ಕೊಟ್ಟ ಗುಳಿಗಿ ಕೊಡಬಾರದಾಗಿತ್ತು. ಅವರು ಚೀಟಿ ತೋರ್ಸಾಕ ಬಂದಿದ್ರು. ಎರಡು ಸಲ. ನಾ ನೋಡಲಿಲ್ಲ. ಅಪಘಾತಕ್ಕ ಕಾರಣ ನಾನು."

ಗಾಂವಕರ್ ನೆಲ ನೋಡಿದ. ಡಾಕ್ಟರ್ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ಸಾಕೇನು?"

ನಾನು ಅವರ ಮುಖ ನೋಡಿದೆ. ಕನಿಕರ ಬರುತ್ತದೇನೋ ಎಂದು ಒಂದು ಗಳಿಗೆ ಕಾದೆ. ಬರಲಿಲ್ಲ.

"ಹಿಂದ ನಿಂತವರಿಗೆ ಕೇಳಿಸಿಲ್ರಿ ಸಾಹೇಬ್ರ," ಎಂದೆ. "ಇನ್ನೊಮ್ಮೆ ಹೇಳ್ರಿ. ಜೋರಾಗಿ."

ಅವರು ಹೇಳಿದರು.